ನಂಬರಿಗೆ ನಿಂತವರು

ಅಂಗಿ ಗೂಟದ ಮೇಲಿತ್ತು. ಫೋನು ಅಂಗಿಯ ಜೇಬಿನಲ್ಲಿತ್ತು. ಮಮತಾ ಯಾವ ಯುನಿವರ್ಸಿಟಿಯಲ್ಲಿ ಓದಬೇಕು ಎಂಬುದು ಆ ಫೋನಿನೊಳಗಿತ್ತು. ಗೂಟ ಚನ್ನಬಸವಣ್ಣನ ಪಡಸಾಲೆಯ ಗೋಡೆಗಿತ್ತು. ಮಮತಾ ಕೆಳಗೆ ಅಂಗಳದಲ್ಲಿ ಕೂತು ಅವನ ಶೇಂಗಾ ಒಡೆಯುತ್ತಿದ್ದಳು. ನಡುವೆ ಇದ್ದದ್ದು ನಾಲ್ಕು ಮಾರು ಜಾಗ ಮತ್ತು ಒಂದು ಕಟ್ಟೆ.

ಜೇಬು ಬೆಳಗಿತು. ತೆಳ್ಳನೆಯ ಬಿಳಿ ಬಟ್ಟೆಯ ಒಳಗಿಂದ ನೀಲಿ ಬೆಳಕು ಕಂಡಿತು. ಟುಂಯ್ ಎಂದು ಒಂದು ಸಪ್ಪಳ. ಮಮತಾ ಎದ್ದು ನಿಂತಳು.

"ಅವ್ವಾರ, ಧಣ್ಯಾರ ಫೋನಿಗೆ ನಂಬರ್ ಬಂತ್ರಿ."

ಚನ್ನಬಸವಣ್ಣನ ಹೆಂಡತಿ ನಾಗರತ್ನಾ ಬಾಗಿಲಲ್ಲಿ ನಿಂತು ಕೊತ್ತಂಬರಿ ಸೋಸುತ್ತಿದ್ದಳು. "ಬಂದ್ರ ಬರ್ಲಿ ಬಿಡವಾ. ಉಣ್ಣಾಕ ಕುಂತಾರ. ಎಬ್ಬಸಲೇನ ನಿನ್ನ ಸಲುವಾಗಿ?"

"ಹತ್ತ ನಿಮಿಷಕ್ಕ ಕೆಡತೈತ್ರಿ ಅದು."

"ಕೆಡಾಕ ಅದೇನ ಹಾಲೇನ?" ನಾಗರತ್ನಾ ನಕ್ಕಳು. ತನ್ನ ಮಾತು ತನಗೇ ಚೆಂದ ಅನಿಸಿತೋ ಏನೋ, ಒಳಗಿದ್ದವನಿಗೂ ಕೂಗಿ ಹೇಳಿದಳು. ಒಳಗಿನಿಂದಲೂ ಒಂದು ನಗು ಬಂತು. ನಗುವಿನ ಹಿಂದೆಯೇ ಮಜ್ಜಿಗೆ ಸುರಿದುಕೊಂಡ ಸಪ್ಪಳ.

ಹತ್ತು ನಿಮಿಷ ಕಳೆಯಿತು. ನಂಬರ್ ಕೆಟ್ಟಿತು.

ಒಬ್ಬ ಹುಡುಗಿಯ ಓಟಿಪಿ ಊರ ಧಣಿಯ ಫೋನಿಗೆ ಯಾಕೆ ಹೋಗಬೇಕು ಎಂದು ಕೇಳುವವರಿಗೆ ಹಿಂದಿನ ಒಂದು ಸಂಗತಿ ಹೇಳಬೇಕು. ಲಕ್ಷ್ಮೇಶ್ವರದಿಂದ ಅಡರಕಟ್ಟಿ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು ಅದು. ಹದಿಮೂರು ವರ್ಷದ ಹಿಂದೆ ಆ ಊರಿನ ಶಾಲೆಯಲ್ಲಿ ಆಧಾರ್ ಕಾರ್ಡ್ ಮಾಡುವವರು ಮೂರು ದಿನ ಟೇಬಲ್ ಹಾಕಿಕೊಂಡು ಕೂತಿದ್ದರು. ಮಾದರ ಕೇರಿಯವರೆಲ್ಲ ಪಾಳಿ ಹಚ್ಚಿ ನಿಂತರು. ಮಮತಾಳ ಅಪ್ಪ ಹುಲಗಪ್ಪ ಮೊದಲನೆಯವನು. "ಮೊಬೈಲ್ ನಂಬರ್ ಹೇಳ್ರಿ" ಎಂದ ಮಷಿನಿನವನು. ಕೇರಿಯಲ್ಲಿ ಆಗ ಯಾರ ಹತ್ತಿರವೂ ಫೋನಿರಲಿಲ್ಲ. ಇಲ್ಲವೆಂದರೆ ಎಲ್ಲಿ ಕಾರ್ಡು ತಪ್ಪುತ್ತದೋ ಎಂದು ಹುಲಗಪ್ಪ ಹೆದರಿದ. "ನಮ್ಮ ಧಣ್ಯಾರ್ದ ಹಾಕ್ರಿ" ಎಂದು ಚನ್ನಬಸವಣ್ಣನ ನಂಬರ್ ಹೇಳಿದ. ಆ ನಂಬರ್ ಅವನಿಗೆ ಬಾಯಿಪಾಠವಿತ್ತು. ಧಣಿಯ ಹೊಲದಲ್ಲಿ ಬೋರ್ ನಿಂತರೆ ಚಹಾದ ಅಂಗಡಿಯಿಂದ ಫೋನ್ ಮಾಡಿ ಹೇಳುವ ಕೆಲಸ ಅವನದೇ. ಹಿಂದೆ ನಿಂತಿದ್ದವರೂ "ನಂದೂ ಅದನ್ನ ಬರಕೊಳ್ರಿ" ಎಂದರು. ನಲವತ್ತೊಂದು ಮನೆ. ನೂರ ಎಂಬತ್ತು ಜನ. ಒಂದೇ ನಂಬರ್.

ಆಗ ಅದು ಯಾರಿಗೂ ತಪ್ಪು ಅನಿಸಲಿಲ್ಲ. ಆಮೇಲೆ ಎಲ್ಲದಕ್ಕೂ ಓಟಿಪಿ ಬಂತು. ರೇಷನ್‌ಗೆ, ಪಿಂಚಣಿಗೆ, ಜಾತಿ ಸರ್ಟಿಫಿಕೇಟಿಗೆ, ಮಕ್ಕಳ ಅರ್ಜಿಗೆ. ಎಲ್ಲವೂ ಆ ಬಿಳಿ ಅಂಗಿಯ ಜೇಬಿಗೆ ಬಂದು ಬೀಳತೊಡಗಿದವು. ಮಂದಿ ಬಂದು ಅಂಗಳದಲ್ಲಿ ನಿಲ್ಲತೊಡಗಿದರು. ಸುಮ್ಮನೆ ನಿಲ್ಲುವುದು ಹೇಗೆ? "ನಿಂತೀಯೆಲ್ಲ, ಸಗಣಿ ಬಳಿ." "ನಿಂತೀಯೆಲ್ಲ, ಎರಡ ಬುಟ್ಟಿ ಶೇಂಗಾ ಒಡಿ." ಹಿಂದಿನವರು ಬಿಟ್ಟಿ ಕೆಲಸ ಎನ್ನುತ್ತಿದ್ದದ್ದಕ್ಕೆ ಈಗ ಕೇರಿಯಲ್ಲಿ ಬೇರೆ ಹೆಸರು. ನಂಬರಿಗೆ ನಿಲ್ಲುವುದು. "ಎಲ್ಲಿಗೆ ಹೊಂಟೀಬೇ?" "ನಂಬರಿಗೆ ನಿಂದರಾಕ." ಅಷ್ಟು ಹೇಳಿದರೆ ಸಾಕು, ಸಂಜೆಯವರೆಗೆ ಆಕೆ ಮನೆಗೆ ಬರುವುದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಪಿಯುಸಿಯಲ್ಲಿ ಮಮತಾಳಿಗೆ ತೊಂಬತ್ತೈದು ಪರ್ಸೆಂಟ್ ಬಂದಿತ್ತು. ಪ್ರವೇಶ ಪರೀಕ್ಷೆಯಲ್ಲೂ ಒಳ್ಳೆಯ ರ‍್ಯಾಂಕು. ಅವಳಿಗೆ ಸಂಖ್ಯಾಶಾಸ್ತ್ರ ಓದಬೇಕಿತ್ತು. ಎರಡು ವರ್ಷದಲ್ಲಿ ಚನ್ನಬಸವಣ್ಣ ಕಟ್ಟೆಯ ಮೇಲಿಂದ ಓದಿ ಹೇಳಿದ ಹನ್ನೊಂದು ಓಟಿಪಿಗಳೂ ಅವಳ ತಲೆಯಲ್ಲಿ ಹಾಗೇ ಉಳಿದಿದ್ದವು. ಬೇಡವೆಂದರೂ ಮರೆಯುತ್ತಿರಲಿಲ್ಲ.

ನೋಟುಬುಕ್ಕಿನ ಒಂದು ಹಾಳೆಗೆ ಗೀಟು ಹೊಡೆದು ಮೂರು ಪಾಲು ಮಾಡಿದ್ದಳು. ಧಾರವಾಡ, ಬೆಂಗಳೂರು, ಹೈದರಾಬಾದು. ಮೂರೂ ದೊಡ್ಡ ಯುನಿವರ್ಸಿಟಿಗಳು. ಧಾರವಾಡ ಹತ್ತಿರ, ಅವ್ವನಿಗೆ ಜ್ವರ ಬಂದರೆ ಅದೇ ದಿನ ಊರು ಮುಟ್ಟಬಹುದು. ಬೆಂಗಳೂರಿನಲ್ಲಿ ವಿಷಯ ಚೆನ್ನಾಗಿ ಹೇಳಿಕೊಡುತ್ತಾರಂತೆ, ಆದರೆ ಹಾಸ್ಟೆಲ್ಲಿನ ಖಾತ್ರಿಯಿಲ್ಲ. ಹೈದರಾಬಾದಿನಲ್ಲಿ ಹಾಸ್ಟೆಲ್ಲು ಒಳಗೇ ಇದೆ. ಲೈಬ್ರರಿಯಿಂದ ಏಳಿರಿ ಎನ್ನುವವರಿಲ್ಲ. ಹದಿನೈದು ದಿನ ಆ ಹಾಳೆಯನ್ನು ತಿದ್ದಿ ತಿದ್ದಿ ಅದು ತೂತು ಬಿದ್ದಿತ್ತು. ಕೊನೆಗೆ ರುಹಿಗೆ ಫೋನ್ ಮಾಡಿದಳು. ರುಹಿ ಲಕ್ಷ್ಮೇಶ್ವರದವಳು, ಅದೇ ಪಿಯು ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದವಳು, ಈಗ ಹೈದರಾಬಾದಿನಲ್ಲೇ ಓದುತ್ತಿದ್ದಳು. ಮಮತಾಳ ಕೈಯಲ್ಲಿದ್ದ ಹಳೆಯ ಫೋನೂ ಅದರೊಳಗಿನ ಸಿಮ್ಮೂ ಅವಳೇ ಕೊಟ್ಟದ್ದು.

"ರುಹಿ ಅಕ್ಕಾ, ಅಲ್ಲಿ ಮಂದಿ ಎಷ್ಟದಾರ?"

"ಐದಾರ ಸಾವಿರ ಇರಬೇಕ ನೋಡು. ಯಾಕ?"

"ಅಷ್ಟ ಮಂದ್ಯಾಗ ನಾ ಯಾವ ಕೇರ್ಯಾಕಿ ಅಂತ ಯಾರಿಗೂ ಗೊತ್ತಾಗಂಗಿಲ್ಲಲ್ಲ?"

ರುಹಿ ನಕ್ಕಳು. "ಹುಚ್ಚಿ ಅದಿ. ಮೂರ ದಿನದಾಗ ಗೊತ್ತಾಗತೈತಿ. ನಿನ್ನ ರ‍್ಯಾಂಕ್ ಎಷ್ಟ ಅಂತ ಕೇಳ್ತಾರ. ಯಾಕ ಕೇಳ್ತಾರ ಅನ್ನೂದು ನಿನಗ ತಿಳೀತೈತಿ. ಆದ್ರ ಒಂದ ಮಾತ ಹೇಳ್ತೇನಿ. ಹಂಗ ಕೇಳಿದವನ ರೂಮಿನ ಮುಂದ ಸಂಜಿಕ್ಕ ಇನ್ನೂರ ಮಂದಿ ಜಬಾಬ ಕೇಳಾಕ ಬಂದ ನಿಂದರ್ತಾರ ಇಲ್ಲಿ. ನೀ ಒಬ್ಬಾಕೀನ ನಿಂದರೂದಿಲ್ಲ."

ಮಮತಾ ಫೋನಿಟ್ಟು ಹೈದರಾಬಾದಿನ ಮುಂದೆ ಒಂದು ಎಂದು ಬರೆದಳು. ಲೈಬ್ರರಿಗಾಗಿ ಅಲ್ಲ, ಹಾಸ್ಟೆಲ್ಲಿಗಾಗಿಯೂ ಅಲ್ಲ. ಆ ಇನ್ನೂರು ಮಂದಿಗಾಗಿ.

ಅವ್ವ ದೇವವ್ವ ರೊಟ್ಟಿ ಬಡಿಯುತ್ತಾ ಕೇಳಿದ್ದಳು. "ಎಷ್ಟ ಬಾಗಲಾ ಅದಾವಬೇ ಅದಕ್ಕ?"

"ಮೂರ ದೊಡ್ಡ ಗೇಟಂತ."

"ನಾವ ಹೋಗೂದು ಯಾವದ್ರಾಗ?"

"ಎಲ್ಲಾದ್ರಾಗೂ ಹೋಗಬಹುದಬೇ."

ದೇವವ್ವ ನಂಬಲಿಲ್ಲ. ರೊಟ್ಟಿ ತಿರುವಿ ಹಾಕಿದಳು.

ಶೇಂಗಾ ಒಡೆಯಲು ಕೂತ ಅವತ್ತು ಮೇ ಮೂವತ್ತು, ಸಂಜೆ ಐದರೊಳಗೆ ಯುನಿವರ್ಸಿಟಿಗಳ ಪಟ್ಟಿಯನ್ನು ಲಾಕ್ ಮಾಡಬೇಕಿತ್ತು. ನಾಲ್ಕು ಹೆಸರು ತುಂಬಲೇಬೇಕು ಎಂದಿದ್ದರಿಂದ ನಾಲ್ಕನೆಯದಕ್ಕೆ ಲಕ್ಷ್ಮೇಶ್ವರದ ಒಂದು ಡಿಗ್ರಿ ಕಾಲೇಜು ಹಾಕಿದ್ದಳು. ಓಟಿಪಿಯನ್ನು ಮೂರು ಸಲ ಕೇಳಬಹುದು. ಮೂರೂ ಕೆಟ್ಟರೆ ಆ ದಿನಕ್ಕೆ ಬಾಗಿಲು ಬಂದ್.

ಮೊದಲನೆಯದು ಧಣಿಯ ಊಟಕ್ಕೆ ಹೋಯಿತು. ಎರಡನೆಯದು ಅವನ ನಿದ್ದೆಗೆ ಹೋಯಿತು. ಜೇಬು ಬೆಳಗಿದ್ದನ್ನು ಮಮತಾ ಕಣ್ಣಾರೆ ನೋಡಿದಳು. ಕಟ್ಟೆ ಹತ್ತಿದರೆ ಆರು ಹೆಜ್ಜೆ. ಒಂಬತ್ತು ವರ್ಷದವಳಿದ್ದಾಗ ಕೋಳಿಮರಿಯೊಂದರ ಬೆನ್ನು ಹತ್ತಿ ಅದೇ ಕಟ್ಟೆ ಏರಿದ್ದಳು. ಅವತ್ತು ದೇವವ್ವ ಇಡೀ ಕಟ್ಟೆಯನ್ನೂ ಪಡಸಾಲೆಯನ್ನೂ ಮೂರು ಸಲ ತೊಳೆಯಬೇಕಾಯಿತು. ತೊಳೆದ ಮೇಲೆ ನಾಗರತ್ನಾ, "ನೀ ತೊಳದದ್ದಕ್ಕ ಮತ್ತ ನಾ ಒಂದ ಸಲಾ ತೊಳೀಬೇಕಲ್ಲೇ" ಎಂದಿದ್ದಳು. ಮಮತಾ ಕಟ್ಟೆ ಹತ್ತಲಿಲ್ಲ. ಶೇಂಗಾ ಒಡೆದಳು. ಬಿತ್ತುವ ಬೀಜವನ್ನು ಮಷಿನ್ನಿಗೆ ಹಾಕುವುದಿಲ್ಲ, ಹಾಕಿದರೆ ಕಾಳು ಸೀಳುತ್ತದೆ. ಕೈಯಿಂದಲೇ ಒಡೆಯಬೇಕು. ಎಡಗೈಯಲ್ಲಿ ಕಾಯಿ ಹಿಡಿ, ಬಲಗೈ ಹೆಬ್ಬೆರಳಿನಿಂದ ಒತ್ತು, ಟಪ್ ಎನ್ನಿಸು, ಕಾಳು ಬುಟ್ಟಿಗೆ, ಸಿಪ್ಪೆ ಬದಿಗೆ. ಒಂದು ಸೇರಿಗೆ ಎಷ್ಟು ಕಾಯಿ ಎಂದು ಅವಳು ಒಮ್ಮೆ ಎಣಿಸಿದ್ದಳು. ಆಮೇಲೆ ಎಣಿಸುವುದನ್ನು ಬಿಟ್ಟಳು.

ನಾಲ್ಕೂವರೆಗೆ ಚನ್ನಬಸವಣ್ಣ ಎದ್ದು ಬಂದ. ಮುಖ ತೊಳೆದ. ಅಂಗಿ ಹಾಕಿಕೊಂಡ. ಕಟ್ಟೆಯ ಮೇಲೆ ಕೂತ.

"ಏನಬೇ ಮಮತಾ, ನನ್ನ ಫೋನ್ ಭಾಳ ಒದರಾಕತ್ತೈತೆಲ್ಲ ನಿನ್ನ ಸಲುವಾಗಿ. ಯಾವ್ಯಾವ ಸಾಲಿ ಹಾಕೀದಿ? ಓದು ನೋಡೂಣು."

"ಮೊದಲ ಹೈದರಾಬಾದ್ರಿ. ಆಮ್ಯಾಲ ಬೆಂಗಳೂರು, ಧಾರವಾಡ. ಕಡೀಕ ಲಕ್ಷ್ಮೇಶ್ವರದ್ದು."

"ಹೈದರಾಬಾದಿನ್ಯಾಗ ನಿಮ್ಮಪ್ಪನ ಹೊಲಾ ಐತೇನ?"

ಅಂಗಳದಲ್ಲಿ ನಂಬರಿಗೆ ನಿಂತಿದ್ದ ಉಳಿದ ಹೆಂಗಸರೂ ನಕ್ಕರು. ನಗಬೇಕಿತ್ತು, ನಕ್ಕರು. ಕೇರಿಯ ಹಿರಿಯಳು ಮುದುಕವ್ವ ಮಾತ್ರ ನಗಲಿಲ್ಲ. ಅವಳಿಗೆ ಕಿವಿ ಮಂದ ಎಂದು ಎಲ್ಲರೂ ತಿಳಿದಿದ್ದರು.

"ನಮ್ಮ ಲೋಹಿತನ್ನ ಧಾರವಾಡಕ್ಕ ಕಳಸೂನಂತ ಮಾಡೇವಿ" ಎಂದ ಚನ್ನಬಸವಣ್ಣ. ಲೋಹಿತ ಅವನ ಮಗ. "ಎರಡ ಸಬ್ಜೆಕ್ಟ್ ಹೋಗ್ಯಾವ, ಬರೀತಾನ. ಅಂವಾ ಧಾರವಾಡದಾಗ, ನೀ ಹೈದರಾಬಾದಿನ್ಯಾಗ! ಮಂದಿ ಏನಂದಾರು?"

"ಮಂದಿ ಏನರೆ ಅನ್ನವಲ್ರ್ಯಾಕ ಬಿಡ್ರಿ. ಟಾಯಿಮ್ ಆಗತೈತ್ರಿ ಧಣ್ಯಾರ."

"ಮಂದಿ ಅಲ್ಲಬೇ. ನಾ ಅಂತೇನಿ."

ಅವಳ ಫೋನಿನ ಕಡೆ ಬೆರಳು ತೋರಿಸಿದ. "ಅಲ್ಲಿ ಕಟ್ಟಿ ತುದೀಗೆ ಇಡು." ಇಟ್ಟಳು. ನಂಬರನ್ನು ತಾನೇ ಒತ್ತಿಕೊಡಲು ಕೇಳುತ್ತಿದ್ದಾನೆ ಎಂದುಕೊಂಡು, ಕಡೆಯ ಓಟಿಪಿಗೆ ಒತ್ತಿಯೇ ಇಟ್ಟಿದ್ದಳು. ಮೂರನೆಯ ಓಟಿಪಿ ಅವನ ಜೇಬಿನಲ್ಲಿ ಟುಂಯ್ ಎಂದಿತು. ಅವನು ಅವಳ ಫೋನನ್ನು ಎತ್ತಿಕೊಂಡು ಟವೆಲ್ಲಿನಿಂದ ಒರೆಸಿದ. ಕನ್ನಡಕ ಏರಿಸಿಕೊಂಡ. ದಪ್ಪ ಬೆರಳಿನಿಂದ ನಾಲ್ಕನೆಯ ಹೆಸರನ್ನು ಹಿಡಿದು ಮೇಲಕ್ಕೆ ಎಳೆದ. ಲಕ್ಷ್ಮೇಶ್ವರ ಮೊದಲಾಯಿತು. ಹೈದರಾಬಾದು ಕೊನೆಗಿಳಿಯಿತು.

"ಧಣ್ಯಾರ! ಅದು ಬ್ಯಾಡ್ರಿ! ಧಣ್ಯಾರ, ಕಾಲ ಬೀಳ್ತೇನ್ರಿ!"

ಆರು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾ ತಾನೇ ಒತ್ತಿದ. ಎಂಟು. ಸೊನ್ನೆ. ಮೂರು. ಮೂರು. ಒಂದು. ಆರು.

"ಆತು. ಲಾಕ್ ಆತ ನೋಡು." ಫೋನನ್ನು ಕಟ್ಟೆಯ ತುದಿಗೆ ಇಟ್ಟು ಒಂದು ಬೆರಳಿನಿಂದ ಅವಳ ಕಡೆ ದೂಡಿದ. "ಮುಂಜಾನಿ ಬಸ್ಸಿಗೆ ಲಕ್ಷ್ಮೇಶ್ವರಕ್ಕ ಹೋಗು, ಓದು, ಮಧ್ಯಾಹ್ನಕ್ಕ ಹೊಳ್ಳಿ ಬಾ. ಓದಬ್ಯಾಡಂತ ನಾ ಅಂದೇನೇನು? ನಿನ್ನ ಕೈ ಭಾಳ ಚುರುಕ ಅದಾವವಾ. ಅಂಥಾ ಕೈ ಊರ ಬಿಟ್ಟ ಹೋದ್ರ ಹೆಂಗ?"

ಮಮತಾ ಫೋನ್ ತೆಗೆದುಕೊಂಡು ತಿರುಗಿದಳು.

"ಬುಟ್ಟ್ಯಾಗಿಂದು ಉಳದೈತೆಲ್ಲ. ಮುಗಿಸಿ ಹೋಗು."

ಇದನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ, ರುಹಿಗೂ ಹೇಳಲಿಲ್ಲ. ಅವಳು ಕೂತಳು. ಬುಟ್ಟಿ ಮುಗಿಸಿದಳು.

ಪಟ್ಟಿಯನ್ನು ಒಂದೇ ಒಂದು ಸಲ ತಿದ್ದಲು ಬಿಡುತ್ತಿದ್ದರು. ಜೂನ್ ಹದಿನಾಲ್ಕರ ಸಂಜೆ ಐದರವರೆಗೆ. ಅದಕ್ಕೂ ಓಟಿಪಿ ಬೇಕು. ಆ ಓಟಿಪಿ ತನ್ನ ಫೋನಿಗೆ ಬರಬೇಕಾದರೆ ಆಧಾರದಲ್ಲಿನ ನಂಬರ್ ಬದಲಿಸಬೇಕು. ಮರುದಿನ ಮಮತಾ ಲಕ್ಷ್ಮೇಶ್ವರದ ಆಧಾರ್ ಸೆಂಟರಿಗೆ ಹೋದಳು. ಮಷಿನಿನ ಮುಂದೆ ಮನೋಹರ ಎಂಬವನು ಕೂತಿದ್ದ. ಕೆಟ್ಟವನಲ್ಲ. ಬೇಸತ್ತವನು.

"ಒತ್ತು."

ಒತ್ತಿದಳು. ಕೆಂಪು ದೀಪ.

"ಒರಿಸಿಕೊಂಡ ಒತ್ತು. ಇನ್ನೊಂದ ಬೆರಳು. ಈ ಕೈ. ಆ ಕೈ." ಎಲ್ಲ ಕೆಂಪೇ. ಮನೋಹರ ಅವಳ ಬಲಗೈ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದ. "ಏನ ಕೆಲಸಾ ಮಾಡ್ತೀಯವಾ?"

"ಶೇಂಗಾ ಒಡೀತೇವ್ರಿ."

"ಹಂಗಾರ ಮುಗೀತು. ತೊಳದ ಸೋಪಿನ ವಡಿ ಆಗೇತಿ ನೋಡಿಲ್ಲೆ. ಒಂದ ಗೆರಿ ಇಲ್ಲ. ಕಣ್ಣಿನ ಮಷಿನ್ ರಿಪೇರಿಗೆ ಹೋಗಿ ಎರಡ ತಿಂಗಳಾತು." ಆಮೇಲೆ ದನಿ ಇಳಿಸಿ ಹೇಳಿದ. "ಒಂದ ಕೆಲಸಾ ಮಾಡು. ಹತ್ತ ಹನ್ನೆರಡ ದಿನಾ ಕೈಗೆ ಕೆಲಸಾ ಹಚ್ಚಬ್ಯಾಡ. ಎಣ್ಣಿ ಸವರು. ಗೆರಿ ಮೂಡ್ತಾವ. ಆಮ್ಯಾಲ ಬಾ."

ಎಷ್ಟು ಸಲೀಸಾಗಿ ಹೇಳಿದ! ಹನ್ನೆರಡು ದಿನ ಕೈ ಸುಮ್ಮನಿಡುವುದು. ಕೇರಿಯ ನೂರ ಎಂಬತ್ತು ಜನರಲ್ಲಿ ಒಬ್ಬರೂ ಹುಟ್ಟಿದಂದಿನಿಂದ ಅದನ್ನು ಮಾಡಿರಲಿಲ್ಲ. ಹೆತ್ತ ಮೂರನೇ ದಿನಕ್ಕೆ ದೇವವ್ವ ಹತ್ತಿ ಬಿಡಿಸಲು ಹೋಗಿದ್ದಳು.

ಆದರೆ ದೇವವ್ವನೇ ಮೊದಲು ಹೂಂ ಅಂದಳು. "ನಿನ್ನ ಪಾಲಿಂದೂ ನಾನ ಒಡೀತೇನಿ. ನೀ ಕೈ ಕಟಗೊಂಡ ಕುಂಡ್ರು." ಅವತ್ತಿನಿಂದ ಮಗಳಿಗೆ ಒಂದು ತಂಬಿಗೆ ಎತ್ತಲೂ ಬಿಡಲಿಲ್ಲ. ಪಾತ್ರೆ ಇಲ್ಲ, ಬಟ್ಟೆ ಇಲ್ಲ, ಕಸ ಇಲ್ಲ. ರೊಟ್ಟಿ ಮುರಿದರೆ ಬೆರಳು ಸವೆಯುತ್ತದೆ ಎಂದು ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ಹದಿನೆಂಟು ವರ್ಷದ ಹುಡುಗಿ ನಾಚಿಕೆಯಿಂದ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಸಂಜೆ ದೇವವ್ವ ಅಂಗಳದಿಂದ ಬರುವಾಗ ಅವಳ ಹೆಬ್ಬೆರಳಿನ ಸಂದಿಯಲ್ಲಿ ರಕ್ತ ಕಟ್ಟಿರುತ್ತಿತ್ತು. ಎರಡು ಜನರ ಕೆಲಸದ ರಕ್ತ. ಅದೇ ಕೈಯಿಂದ ಮಗಳ ಕೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

ಕೇರಿಯವರಿಗೆ ಇದು ಸರಿಬರಲಿಲ್ಲ. "ದೇವವ್ವನ ಮಗಳ್ದು ಬೆಣ್ಣಿ ಕೈ ಆಗ್ಯಾವಂತಬೇ, ನೋಡಾಕ ಹೋಗೂಣು ಬರ್ರಿ." "ಹೈದರಾಬಾದಿನ ನವಾಬಗ ಕೊಡ್ತಾರೇನ?" ಗದಗಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ ಹುಲಗಪ್ಪ ಶನಿವಾರ ಬಂದವನು ಅದನ್ನೆಲ್ಲ ಕೇಳಿ ತಲೆ ತಗ್ಗಿಸಿದ. ನಂಬರ್ ಕೊಟ್ಟ ಬಾಯಿ ಅವನದು. ಮಗಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಮಮತಾ ದಿನಾ ಮುಂಜಾನೆ ಬಿಸಿಲಿಗೆ ಬೆರಳು ಹಿಡಿದು ನೋಡುತ್ತಿದ್ದಳು. ಆರನೆಯ ದಿನ ಬಲಗೈ ತೋರುಬೆರಳಿನಲ್ಲಿ ಏನೋ ಕಂಡಿತು. ಎಳೆ ಎಳೆಯಾಗಿ, ಕುಂಟೆ ಹೊಡೆದ ಹೊಲದಲ್ಲಿ ಸಾಲು ಕಂಡ ಹಾಗೆ. ಮುದುಕವ್ವ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. ಆಮೇಲೆ ತನ್ನ ಎರಡೂ ಹೆಬ್ಬೆರಳು ಎತ್ತಿ ನೋಡಿಕೊಂಡಳು. ಅವು ಹಳ್ಳದ ಕಲ್ಲಿನ ಹಾಗೆ ನುಣ್ಣಗಿದ್ದವು.

"ನನಗೂ ಇದ್ದೂವೇನಬೇ ಇವು?"

"ಎಲ್ಲಾರಿಗೂ ಇರ್ತಾವ ಆಯಿ. ಹುಟ್ಟತಾನ ಬರ್ತಾವ."

"ಹಂಗಾರ ಎಲ್ಲಿ ಹೋದೂ?"

ಮುದುಕವ್ವನೇ ಚನ್ನಬಸವಣ್ಣನ ಮನೆಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

ಮಿರಗ, ಅಂದರೆ ಮೃಗಶಿರಾ ಮಳೆ ಕೂಡಿತು. ಅಕ್ಕಪಕ್ಕದ ಹೊಲಗಳಲ್ಲಿ ಬಿತ್ತಲು ಕೂರಿಗೆ ಹೂಡಿದರು. ಚನ್ನಬಸವಣ್ಣನ ಪಡಸಾಲೆಯಲ್ಲಿ ಇನ್ನೂ ಹದಿನಾಲ್ಕು ಚೀಲ ಶೇಂಗಾ ಒಡೆಯದೆ ಬಿದ್ದಿತ್ತು. ಹದ ತಪ್ಪಿದರೆ ಬೀಜ ಹಾಕಿ ಉಪಯೋಗವಿಲ್ಲ. ಜೂನ್ ಒಂಬತ್ತರ ಮುಂಜಾನೆ ಅವನು ಕೇರಿಗೆ ಬಂದ. ಕೇರಿಗೆ ಅವನು ಬಂದದ್ದನ್ನು ಮಮತಾ ನೋಡಿದ್ದು ಅದೇ ಮೊದಲು. ಅವಳು ಮನೆಯ ಮುಂದೆ ಒರಳುಕಲ್ಲಿನ ಪಕ್ಕ ಕೂತು ಓದುತ್ತಿದ್ದಳು.

"ಕೈ ಬೆಳಸಾಕತ್ತೀಯಂತ?"

ಅವಳು ಎದ್ದು ನಿಂತಳು.

"ಮನೋಹರನ ಹಂತ್ಯಾಕ ಹೋಗಿದ್ದೆಂತ. ನನ್ನ ನಂಬರ್ ನಿನಗ ಬ್ಯಾಡಾತಂತ. ತೋರಸು, ಹೆಂಗ ಬೆಳದಾವ ನೋಡೂಣು."

"ಇವತ್ತ ಕೆಲಸಕ್ಕ ಬರೂದಿಲ್ರಿ ನಾ."

"ಕೈ ತೋರಸಂದ್ನಿ."

"ನಾಳಿನೂ ಬರೂದಿಲ್ಲ."

ಹದಿನೆಂಟು ವರ್ಷ ಚನ್ನಬಸವಣ್ಣ ಅವಳನ್ನು ಮುಟ್ಟಿರಲಿಲ್ಲ. ಕೂಲಿಯನ್ನೂ ಎತ್ತರದಿಂದ ಹಾಕುತ್ತಿದ್ದ. ಈಗ ಮುಟ್ಟಿದ. ಬಲಗೈಯ ಮಣಿಕಟ್ಟು ಹಿಡಿದು ಎಳೆದು, ಒರಳುಕಲ್ಲಿನ ಮೇಲೆ ಅವಳ ಬೆರಳುಗಳನ್ನು ಮಗುಚಿ ಒತ್ತಿ ಉಜ್ಜಿದ. ಒಂದು ಸಲ. ಎರಡು ಸಲ. ಅವನಿಗೆ ಸಿಟ್ಟು ಬಂದಿರಲಿಲ್ಲ. ಖಾರ ಅರೆಯುವವರ ಹಾಗೆ ಮೈಭಾರ ಹಾಕಿ, ಗಮನವಿಟ್ಟು ಉಜ್ಜಿದ. ಕಲ್ಲಿನ ಹಲ್ಲಿಗೆ ಎಳೆಯ ತೊಗಲು ಸುಲಿದು ಹತ್ತಿಕೊಂಡಿತು. ಕೇರಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಮಮತಾ ಕೂಗಿದಳು. ಆಮೇಲೆ ಕೂಗುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದು ನೋವು ಕಡಿಮೆಯಾಗಿ ಅಲ್ಲ. ಎಡಗೈಯನ್ನು ಅವನಿಗೆ ಸಿಗಗೊಡದಂತೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ಕೂಗಿದರೆ ಆ ಕೈ ತಾನಾಗಿ ಮುಂದೆ ಬರುತ್ತಿತ್ತು.

"ಈಗ ಹೋಗಿ ಒತ್ತು" ಎಂದ ಚನ್ನಬಸವಣ್ಣ.

ಮನೆಗೆ ಹೋದವನೇ ನೀರು ಕಾಯಿಸಿಕೊಂಡು ಸ್ನಾನ ಮಾಡಿದ. ಮುಟ್ಟಿದ್ದಕ್ಕೆ.

ರುಹಿ ಫೋನಿನಲ್ಲಿ ಅತ್ತಳು. ಕೇಸ್ ಹಾಕು, ಈಗಲೇ ಠಾಣೆಗೆ ಹೋಗು ಎಂದಳು. "ಹೋಗ್ತೇನಿ" ಎಂದಳು ಮಮತಾ. "ಹದಿನಾಲ್ಕ ಮುಗೀಲಿ. ಠಾಣ್ಯಾಗ ಕುಂಡ್ರಿಸಿದ್ರ ನನ್ನ ದಿನಾ ಹೋಗತಾವ." ಠಾಣೆಗೆ ಹೋದಳು, ಹದಿನೈದನೆಯ ತಾರೀಖು ಹೋದಳು. ಬಲಗೈಗೆ ಬಟ್ಟೆ ಸುತ್ತಿದ್ದರಿಂದ ಅರ್ಜಿಗೆ ಎಡಗೈಯಿಂದ ಸಹಿ ಹಾಕಿದಳು. ಅದು ಏನಾಯಿತು ಎನ್ನುವುದು ಇನ್ನೂ ನಡೆದಿರುವ ಮಾತು.

ಹನ್ನೊಂದನೆಯ ತಾರೀಖು ಲಕ್ಷ್ಮೇಶ್ವರಕ್ಕೆ ಹುಲಗಪ್ಪನೂ ಜೊತೆಗೆ ಹೋದ. ಕೂಲಿ ಬಿಟ್ಟು, ಹೇಳದೆ ಕೇಳದೆ ಗದಗಿನಿಂದ ಬಂದಿದ್ದ. ಮನೋಹರ ಬಟ್ಟೆ ಸುತ್ತಿದ ಕೈ ನೋಡಿದ. "ಎಡಗೈ ಕೊಡು" ಎಂದ.

ಹೆಬ್ಬೆರಳು. ಕೆಂಪು. ಶೇಂಗಾ ಹಿಡಿದ ಬೆರಳು ಅದು. ತೋರುಬೆರಳು. ಕೆಂಪು. ನಡುಬೆರಳು. ಕೆಂಪು. ಉಂಗುರದ ಬೆರಳು ಒಮ್ಮೆ ಹಸಿರಾಗುವ ಹಾಗೆ ಮಾಡಿ ಕೆಂಪಾಯಿತು. ಹುಲಗಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದ.

"ಕಿರಿಬೆರಳು."

ಇಟ್ಟಳು. ಮಷಿನ್ ಯೋಚಿಸಿತು. ಹಸಿರು.

ಮನೋಹರ ನಂಬದೆ ಇನ್ನೊಮ್ಮೆ ಇಡಿಸಿದ. ಹಸಿರು. ಆ ಬೆರಳು ಶೇಂಗಾ ಒಡೆಯುವಾಗ ಬದಿಗೆ ಸೆಟೆದುಕೊಂಡು ನಿಂತಿರುತ್ತಿತ್ತು. ಏನೂ ಮಾಡುತ್ತಿರಲಿಲ್ಲ. ಅವಳ ಮೈಯಲ್ಲಿ ಚನ್ನಬಸವಣ್ಣನಿಗೆ ದುಡಿಯದೆ ಉಳಿದದ್ದು ಅದೊಂದೇ.

ಹೊಸ ನಂಬರ್ ಆಧಾರಕ್ಕೆ ಕೂಡಲು ಮೂರು ದಿನ ಹಿಡಿಯಿತು. ಹದಿನಾಲ್ಕನೆಯ ತಾರೀಖು ಮಧ್ಯಾಹ್ನ ಮೂರಕ್ಕೆ, ಒರಳುಕಲ್ಲಿನ ಮೇಲೆ ಕೂತು ಮಮತಾ ಹೈದರಾಬಾದನ್ನು ಮೇಲಕ್ಕೆ ಎಳೆದಳು. ಟುಂಯ್ ಎಂದಿತು. ಸಪ್ಪಳ ಅವಳದೇ ಕೈಯೊಳಗಿನದು. ಕೇರಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಅಂಕಿಗಳನ್ನು ಗಟ್ಟಿಯಾಗಿ ಒಂದೊಂದಾಗಿ ಓದಿ, ಕಿರುಬೆರಳಿನಿಂದ ಒಂದೊಂದಾಗಿ ಒತ್ತಿದಳು. ಸೀಟು ಸಿಗುತ್ತದೋ ಇಲ್ಲವೋ ಅವತ್ತು ಯಾರಿಗೂ ಗೊತ್ತಿರಲಿಲ್ಲ. ಲಾಕ್ ಆಯಿತು ಎಂಬುದಷ್ಟೇ ಗೊತ್ತಿತ್ತು. ದೇವವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅಷ್ಟ ಏನಬೇ?" ಎಂದಳು ಒಬ್ಬಳು. "ಇಷ್ಟಕ್ಕ ನಾವ ದಿನಾಗಟ್ಟಲೆ ನಿಂದರತಿದ್ವಿ?"

ಹದಿನಾರರ ಮುಂಜಾನೆ ಚನ್ನಬಸವಣ್ಣನ ಅಂಗಳಕ್ಕೆ ಯಾರೂ ಹೋಗಲಿಲ್ಲ.

ಎಂಟಾಯಿತು, ಒಂಬತ್ತಾಯಿತು. ಹದಿನಾಲ್ಕು ಚೀಲದಲ್ಲಿ ಹನ್ನೊಂದು ಇನ್ನೂ ಹಾಗೇ ಇದ್ದವು. ಹತ್ತಕ್ಕೆ ಅವನೇ ಬಂದ. ಕೇರಿಯ ಬಾಯಿಯಲ್ಲಿ ನಿಂತು ನೋಡಿದ. ಇಪ್ಪತ್ಮೂರು ಹೆಂಗಸರು ತಮ್ಮ ತಮ್ಮ ಮನೆಯ ಕಟ್ಟೆಗಳ ಮೇಲೆ ಕೂತಿದ್ದರು. ಎಲ್ಲರ ಕೈಗಳೂ ಅಂಗೈ ಮೇಲಾಗಿ ತೊಡೆಯ ಮೇಲಿದ್ದವು. ಬಿಸಿಲಿಗೆ ಎಣ್ಣೆ ಹೊಳೆಯುತ್ತಿತ್ತು. ಯಾರೂ ಏಳಲಿಲ್ಲ.

"ಕೆಲಸಕ್ಕ ಯಾಕ ಬಂದಿಲ್ಲಲೇ?"

"ಕೈ ಬೆಳಸಾಕತ್ತೇವ್ರಿ" ಎಂದಳು ಮುದುಕವ್ವ.

"ಎಷ್ಟ ದಿನಾ?"

"ಅವು ಬೆಳಿಯೂತನಕ್ರಿ. ನನ್ನವು ಭಾಳ ಹಳೇವು, ತಡಾ ಆಗಬಹುದು."

ಅವನು ಬಯ್ದ. ಹುಟ್ಟಿದ ಹೊಟ್ಟೆಯಿಂದ ಹಿಡಿದು ಸಾಯುವ ಮಣ್ಣಿನವರೆಗೂ ಬಯ್ದ. ಈ ತಿಂಗಳ ಅಕ್ಕಿ ಹೇಗೆ ತರುತ್ತೀರಿ ನೋಡುತ್ತೇನೆ ಎಂದ. ಖರೆಯೇ, ಆ ತಿಂಗಳು ಕೇರಿಯ ಹಲವು ಮನೆಗಳಿಗೆ ಅಕ್ಕಿ ಬರಲಿಲ್ಲ. ನುಚ್ಚು ಕುದಿಸಿ ಕುಡಿದರು, ಮಕ್ಕಳು ಅತ್ತವು. ಆದರೆ ಅವತ್ತು ಅವನಿಗೆ ಬೇಕಿದ್ದದ್ದು ಬೀಜ. ಮೋಡ ಮತ್ತೆ ಕಟ್ಟುತ್ತಿತ್ತು. ರೇಷನ್ ಅಂಗಡಿಯವನಿಗೆ ಫೋನ್ ಮಾಡಿ, ಮುದುಕವ್ವನ ಕಾರ್ಡಿನ ಓಟಿಪಿ ಕಳಿಸಲು ತಾನೇ ಹೇಳಿದ. ಜೇಬು ಬೆಳಗಿತು. ಟುಂಯ್.

"ಮುದುಕವ್ವಾ, ನಿನ್ನ ರೇಷನ್ ನಂಬರ್ ಬಂತು. ಓದ್ತೇನಿ, ಬರಕೋ. ನಾಕು… ಏಳು… ಕೇಳಾಕತ್ತೈತಿಲ್ಲೋ? ನಾಕು, ಏಳು, ಎರಡು…"

ಹದಿಮೂರು ವರ್ಷದಲ್ಲಿ ಯಾರೂ ಕೇಳದೆ ಅವನು ನಂಬರ್ ಓದಿದ್ದು ಅದೇ ಮೊದಲು. ಕೇರಿಯ ಕೆಸರಿನಲ್ಲಿ ನಿಂತು, ಕತ್ತು ಚಾಚಿ ಓದಿದ. ಬರೆದುಕೊಳ್ಳಲು ಯಾರೂ ಏಳಲಿಲ್ಲ. ಮುದುಕವ್ವ ಕೈಗಳನ್ನು ಅಲ್ಲಾಡಿಸದೆ, ತಲೆ ಮಾತ್ರ ಎತ್ತಿದಳು.

"ಅದು ಹತ್ತ ನಿಮಿಷದ್ದಲ್ಲೇನ್ರಿ ಧಣ್ಯಾರ? ನಿಂದರ್ರಿ ಅಲ್ಲೇ. ಕೆಡೂತನಕ ನಿಂದರ್ರಿ."